ಕರಿ ಗಾಜಿಗೆ ಹಚ್ಚಿದ ಕುಂಕುಮ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಪ್ಪ ಕೊಣ್ಣೂರಿನಲ್ಲಿ ಗೌಂಡಿಯ ಕೈಕೆಳಗೆ ಕಲ್ಲು ಹೊತ್ತವನು, ಅವ್ವ ಸಂತೆಯಲ್ಲಿ ಕಾಯಿಪಲ್ಲೆ ಮಾರಿದವಳು. ಗೋಕಾಕದ ಕಾಲೇಜಿನಲ್ಲಿ ಒಂದು ವರ್ಷ ಇಂಗ್ಲಿಷಿನಲ್ಲಿ ನಪಾಸಾದೆ, ಮತ್ತೆ ಕುಳಿತು ಪಾಸಾದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಯಾಗುವ ಸಂಗತಿ ಬೇರೆ ಒಂದಿದೆ. ಮೂರು ದಿನ ನಾನು ಬಾಯಿ ಮುಚ್ಚಿಕೊಂಡು ಕುಳಿತಿದ್ದೆ.

ನನ್ನದು ಗುತ್ತಿಗೆಯ ಕೆಲಸ. ಸಣ್ಣ ಕಾರ್ಖಾನೆಗಳು ತಮ್ಮ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸಿಕೊಂಡರೆ ಸರಕಾರ ಸಹಾಯಧನ ಕೊಡುವ ಯೋಜನೆಯೊಂದಿದೆ. ಅದಕ್ಕೆ ಶರತ್ತು ಏನೆಂದರೆ, ಹೊಸ ಯಂತ್ರದ ನೆಪದಲ್ಲಿ ಯಾರನ್ನೂ ಕೆಲಸದಿಂದ ತೆಗೆಯಬಾರದು. ಮಾಲಕರು, ಕಾರ್ಮಿಕರು, ಇಲಾಖೆ ಮೂವರೂ ಒಪ್ಪಿ ಸಹಿ ಮಾಡಬೇಕು. ಈ ಮೂವರ ನಡುವೆ ಓಡಾಡುವವಳು ನಾನು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ನನ್ನ ಪಾಲಿಗೆ. ಮಾಲಕರ ಮಾತನ್ನು ಕಾರ್ಮಿಕರಿಗೆ ಸ್ವಲ್ಪ ಮೆತ್ತಗೆ ಮಾಡಿ ಹೇಳುತ್ತೇನೆ, ಕಾರ್ಮಿಕರ ಮಾತನ್ನು ಮಾಲಕರಿಗೆ ಬೈಗುಳ ತೆಗೆದು ಹೇಳುತ್ತೇನೆ, ಇಲಾಖೆಯ ಕಾಗದವನ್ನು ಇಬ್ಬರಿಗೂ ಬಿಡಿಸಿ ಹೇಳುತ್ತೇನೆ.

ಮೂಡಲಗಿಯ ಹೊರಗೆ ಸಕ್ಕರೆ ತುಂಬುವ ಪ್ಲಾಸ್ಟಿಕ್ ಚೀಲ ಮಾಡುವ ಒಂದು ಕಾರ್ಖಾನೆಯಿದೆ. ಹನ್ನೆರಡು ಹೊಲಿಗೆ ಮಷಿನ್ನು, ಹನ್ನೆರಡು ಹೆಂಗಸರು. ಪ್ರತಿ ಮಷಿನ್ನಿನ ಮೇಲೆ ಒಂದೊಂದು ಕರಿ ಡಬ್ಬಿ ಕೂರಿಸಿದ್ದರು. ಡಬ್ಬಿಯ ನಡುವೆ ರೂಪಾಯಿ ಬಿಲ್ಲೆಯಷ್ಟು ದುಂಡನೆಯ ಗಾಜು. ಕೆಳಗೆ ಚೀಲ ಸರಿದಾಗಲೆಲ್ಲ ಅದು ಎಣಿಸುತ್ತದೆ, ಎಣಿಸಿದ್ದು ಮ್ಯಾನೇಜರ ಕೋಣೆಯ ಪರದೆಯ ಮೇಲೆ ಬರುತ್ತದೆ. ಹೆಂಗಸರು ಅದನ್ನು ‘ಕಣ್ಣು’ ಎಂದೇ ಕರೆದರು. ಯಾರ ಕೈ ನಿಧಾನ ಎಂದು ಅದು ಚಾಡಿ ಹೇಳುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇತ್ತು. ಒಬ್ಬೊಬ್ಬರ ಲೆಕ್ಕ ಬೇರೆ ತೋರಿಸಕೂಡದು, ಹನ್ನೆರಡೂ ಮಷಿನ್ನಿನದು ಕೂಡಿಯೇ ತೋರಿಸಬೇಕು ಎಂದು ಯೂನಿಯನ್ನಿನವರು ಪಟ್ಟು ಹಿಡಿದರು. ಮ್ಯಾನೇಜರು ಅದಕ್ಕೆ ಒಪ್ಪುವಷ್ಟರಲ್ಲಿ ನಾನು ಎಂಟು ಸಲ ಆ ಗೇಟು ದಾಟಿದ್ದೆ.

ಯೂನಿಯನ್ನಿನ ಮುಖಂಡರು ಅಲ್ಲಿಯ ಫಿಟರು. ವಯಸ್ಸಾದ ಮುಸಲ್ಮಾನರು, ಎಲ್ಲರಿಗೂ ಕಾಕಾ. ಹೆಂಗಸರ ಸಾಲಿಗೆ ಹಿರಿಯಳು ಒಬ್ಬಳಿದ್ದಳು, ಗಂಡ ಸತ್ತ ಮೇಲೆ ಇದೇ ಕೆಲಸದಿಂದ ಮನೆ ನಡೆಸಿದವಳು. ನಾನು ಅವಳಿಗೆ ದೊಡ್ಡವ್ವ ಎನ್ನುತ್ತಿದ್ದೆ, ಅವಳು ನನಗೆ ಅಕ್ಕೋರ ಎನ್ನುತ್ತಿದ್ದಳು, ಶಾಲೆಯ ಮಾಸ್ತರಿಣಿಗೆ ಅಂದ ಹಾಗೆ.

ಕಣ್ಣು ಕೂರಿಸಿ ಒಂದು ವಾರಕ್ಕೆ ಅಮವಾಸಿ ಬಂತು. ನಮ್ಮ ಕಡೆ ಅಮವಾಸಿಗೆ ಟ್ರ್ಯಾಕ್ಟರಿಗೂ ಪೂಜೆ, ಗಿರಣಿಗೂ ಪೂಜೆ, ತಕ್ಕಡಿಗೂ ಪೂಜೆ. ಆ ದಿನ ನಾನು ಮುಂಜಾನೆಯೇ ಕಾರ್ಖಾನೆಗೆ ಹೋಗಿದ್ದೆ. ಹೆಂಗಸರು ಮಷಿನ್ನು ಒರೆಸಿ, ವಿಭೂತಿ ಹಚ್ಚಿ, ನಿಂಬೆಹಣ್ಣು ಇಟ್ಟಿದ್ದರು. ದೊಡ್ಡವ್ವ ತಾಟು ಹಿಡಿದು ನನ್ನ ಮುಂದೆ ನಿಂತಳು.

“ಹೊಸದಾಗಿ ಬಂದೈತಿ. ಇದನ್ನ ಬಿಟ್ಟ ಪೂಜಿ ಮಾಡಿದ್ರ ಹೆಂಗ್ರಿ? ನೀವ ತಂದೀರಿ, ಮೊದಲ ನೀವ ಹಚ್ಚರಿ ಅಕ್ಕೋರ.”

ನಾನು ಹಚ್ಚಿದೆ. ಮೂರು ಬೆರಳಿನ ವಿಭೂತಿ, ನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮ. ಸರಿಯಾಗಿ ಗಾಜಿನ ಮೇಲೆ. ಗಾಜಿಗೆ ಧೂಳು ಕೂಡ ತಾಗಬಾರದು ಎಂದು ನಾಲ್ಕು ದಿನದ ಹಿಂದೆ ಅದೇ ಹೆಂಗಸರನ್ನು ಕೂಡಿಸಿ ಕಲಿಸಿದವಳು ನಾನೇ. ಆದರೆ ತಾಟು ಮುಂದೆ ಬಂದಾಗ ಕಲಿಸಿದ್ದು ನೆನಪಿಗೆ ಬರಲಿಲ್ಲ. ನನ್ನನ್ನು ನೋಡಿ ಉಳಿದವರೂ ತಮ್ಮ ತಮ್ಮ ಡಬ್ಬಿಗೆ ಅಲ್ಲೇ ಹಚ್ಚಿದರು. ನಾನು ಪ್ರಸಾದದ ಕೊಬ್ಬರಿ ತಿಂದು ಹುಕ್ಕೇರಿಗೆ ಹೊರಟೆ.

ಮಧ್ಯಾಹ್ನ ಕಾಕಾ ಫೋನು ಮಾಡಿದರು. ಮುಂಜಾನೆಯಿಂದ ಪರದೆಯ ಮೇಲೆ ಸೊನ್ನೆ. ಮಷಿನ್ನು ಓಡುತ್ತಿವೆ, ಚೀಲ ಗುಡ್ಡೆ ಬೀಳುತ್ತಿವೆ, ಲೆಕ್ಕ ಮಾತ್ರ ಇಲ್ಲ. ಮ್ಯಾನೇಜರು ಇಳಿದು ಬಂದು ನೋಡಿದ್ದಾರೆ. ಹನ್ನೆರಡೂ ಡಬ್ಬಿಗೆ ಒಂದೇ ಜಾಗದಲ್ಲಿ ಕುಂಕುಮ ಹೇಗೆ ಬರುತ್ತದೆ, ಯಾರೋ ಹೇಳಿಕೊಟ್ಟಿದ್ದಾರೆ, ಇದು ಪೂಜೆಯಲ್ಲ, ಬೇಕಂತಲೇ ಕಣ್ಣು ಮುಚ್ಚುವ ಆಟ ಎಂದಿದ್ದಾರೆ. ಯಾರು ಹೇಳಿದ್ದು ಎಂದು ಕೇಳಿದಾಗ ದೊಡ್ಡವ್ವ “ನಾನ” ಎಂದಿದ್ದಾಳೆ. ಅವಳ ಕೈಗೆ ನೋಟಿಸು ಬಂದಿದೆ. ಮೂರನೆಯ ದಿನ ಗೋಕಾಕದಲ್ಲಿ ಸಭೆ, ಅಲ್ಲಿ ಅವಳ ಕೆಲಸದ ತೀರ್ಮಾನ.

“ನಾ ಹೇಳ್ತೀನ್ರಿ ಕಾಕಾ,” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

“ತಡೀರಿ. ನಿಮ್ಮ ಹೆಸರ ಬಂದ್ರ ನೀವು ಹೋಗ್ತೀರಿ. ನೀವು ಹೋದ್ರ ಈ ಇಲಾಖೆ ಕಾಗದಾ ನಮಗ ಬಿಡಿಸಿ ಹೇಳಾವ್ರ ಯಾರು? ಹೆಣ್ಮಕ್ಕಳೂ ನಿಮ್ಮ ಹೆಸರ ಹೇಳೂದ ಬ್ಯಾಡ ಅಂತನ ಮಾತಾಡ್ಯಾರ.” ಆಮೇಲೆ ಅವರೇ ಸ್ವಲ್ಪ ನಕ್ಕರು. “ನಾನೂ ಲೋಬಾನ ಹಾಕೇನಿ. ಪುಣ್ಯಾಕ ಹೊಗಿ ಹಾರಿಹೋತು, ಉಳದೆ.”

ಆ ಮಾತು ನನಗೆ ಅನುಕೂಲವಾಗಿತ್ತು. ಅವರೇ ಬೇಡ ಎಂದಮೇಲೆ ನಾನೇಕೆ ಹೇಳಲಿ ಎಂದುಕೊಂಡೆ.  ಮರುದಿನ ಹುಕ್ಕೇರಿಯ ಇನ್ನೊಂದು ಕಾರ್ಖಾನೆಯಲ್ಲಿ ಇಂಥದೇ ಡಬ್ಬಿ ಹಿಡಿದು, ಗಾಜು ಮುಟ್ಟಬೇಡಿ ಎಂದು ಕಲಿಸಬೇಕಿತ್ತು. ಕಲಿಸಿದೆ. ಮುಂದೆ ಕುಳಿತವರಲ್ಲಿ ದಡ್ಡಿ ಊರಿನ ಕಡೆಯ ಒಬ್ಬಳು, ಮುಟ್ಟಿದರೆ ಏನಾಗುತ್ತದೆ ಎಂದು ಸುಮ್ಮನೆ ಕೇಳಿದಳು. ಅವಳಿಗೆ ಗೊತ್ತಾಗಿಬಿಟ್ಟಿದೆ, ಅದಕ್ಕೇ ಕೇಳಿದಳು ಎನ್ನಿಸಿ ಡಬ್ಬಿಯನ್ನು ಚೀಲಕ್ಕೆ ಹಾಕಿಬಿಟ್ಟೆ. ಫೋನು ಅಲುಗಿದರೆ ಮ್ಯಾನೇಜರದೇ ಎಂದು ಜೀವ ಹಾರುತ್ತಿತ್ತು. ಬಸ್ಸಿನಲ್ಲಿ ಟಿಕೇಟು ಕೇಳಿದ ಕಂಡಕ್ಟರನಿಗೆ ನಾನು ಮನೆಯ ಕೀಲಿಕೈ ಕೊಟ್ಟೆ. ಅವ್ವ ರೊಟ್ಟಿ ಬಡಿಯುತ್ತ, ಯಾಕೆ ಊಟ ಬಿಟ್ಟೆ ಎಂದು ಕೇಳಿದಳು. ಬಿಸಿಲು ಎಂದೆ. ನಿಜ ಹೇಳಿದರೆ ಅವಳು ನೌಕರಿ ಉಳಿಸಿಕೋ ಅನ್ನುತ್ತಾಳೋ, ಹೇಳಿಬಿಡು ಅನ್ನುತ್ತಾಳೋ, ಎರಡಕ್ಕೂ ನಾನು ಹೆದರಿದ್ದೆ.

ಸಭೆ ಇಲಾಖೆಯ ಅಧಿಕಾರಿಯ ಕೋಣೆಯಲ್ಲಿ. ಅಧಿಕಾರಿ ಹೆಂಗಸು, ಮಾತು ಕಡಿಮೆ. ಒಂದು ಕಡೆ ಮ್ಯಾನೇಜರು, ಎದುರಿಗೆ ಕಾಕಾ ಮತ್ತು ದೊಡ್ಡವ್ವ. ದೊಡ್ಡವ್ವ ನೋಟಿಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎರಡೂ ಕೈಯಲ್ಲಿ ಹಿಡಿದು, ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಕಾರ್ಖಾನೆ ಬರೆದುಕೊಟ್ಟ ವರದಿಯನ್ನು ನಾನು ಓದಬೇಕು, ಆಮೇಲೆ ಎಲ್ಲರೂ ಸಹಿ ಮಾಡಬೇಕು, ನನ್ನದೂ ಸೇರಿ. ‘ಕಾರ್ಮಿಕರು ಪೂರ್ವನಿಯೋಜಿತವಾಗಿ ಯಂತ್ರದ ಕಣ್ಣುಗಳನ್ನು ಮುಚ್ಚಿರುವುದು ಕಂಡುಬಂದಿದೆ’ ಎಂಬಲ್ಲಿಗೆ ಬಂದೆ.  ಕಾಗದವನ್ನು ಮೇಜಿನ ಮೇಲೆ ಇಟ್ಟೆ.

“ಮುಂದ ಓದ್ರಿ,” ಎಂದರು ಅಧಿಕಾರಿ.

“ಇದು ಖರೆ ಅಲ್ರಿ ಮೇಡಂ. ಮೊದಲ ನಾ ಹಚ್ಚೇನಿ. ಅವ್ರು ನನ್ನ ನೋಡಿ ಹಚ್ಚ್ಯಾರ.”

ಮ್ಯಾನೇಜರು ನನ್ನ ಕಡೆ ತಿರುಗಿದರು. “ಗಾಜ ಮುಟ್ಟಬ್ಯಾಡ್ರಿ ಅಂತ ಕಲಿಸಿದಾವ್ರ ನೀವ. ನೀವ ಹಚ್ಚೀರಿ?”

“ಹೌದ್ರಿ.”

ಯಾಕೆ ಎಂದು ಅಧಿಕಾರಿ ಕೇಳಿದರು. ಡಿಗ್ರಿಯವಳು ಕೊಡಬೇಕಾದ ಉತ್ತರ ಏನೂ ನನ್ನ ಹತ್ತಿರ ಇರಲಿಲ್ಲ. ಇದ್ದದ್ದನ್ನೇ ಹೇಳಿದೆ. “ಪೂಜಿಗೆ ಹಣಿ ಎಲ್ಲೈತಿ ಅಂತ ನೋಡಿದ್ನಿರಿ. ಅದೊಂದ ದುಂಡಗ ಕಂಡಿತು.”

ಬಾಗಿಲ ಬಳಿ ಕುಳಿತಿದ್ದ ಗುಮಾಸ್ತ ನಕ್ಕ. ಮತ್ತೆ ಯಾರೂ ನಗಲಿಲ್ಲ. ಮ್ಯಾನೇಜರು ಬಹಳ ಹೊತ್ತು ಮಾತಾಡಿದರು: ಇಂಥವರನ್ನು ನಂಬಿ ಯಂತ್ರ ಹಾಕುವುದು ಹೇಗೆ, ಅರ್ಧ ದಿನದ ಲೆಕ್ಕಕ್ಕೆ ಹೊಣೆ ಯಾರು ಎಂದು. ಅವರ ಮಾತಿನಲ್ಲಿ ತಪ್ಪು ಇರಲಿಲ್ಲ. ಕಡೆಗೆ ಅಧಿಕಾರಿ ತೀರ್ಮಾನ ಹೇಳಿದರು. ದೊಡ್ಡವ್ವನ ನೋಟಿಸು ಹಿಂದೆ ಪಡೆಯಬೇಕು, ಗಾಜಿನ ಸುತ್ತ ಬಿಳಿ ಗೆರೆ ಬರೆಯಿಸಬೇಕು, ಪೂಜೆ ಮಷಿನ್ನಿನ ಕಾಲಿಗೆ ಮಾಡಬೇಕು. ನಾನು ಲಿಖಿತ ಉತ್ತರ ಕೊಡಬೇಕು. ಗುತ್ತಿಗೆ ಮುಂದುವರಿಸುವಾಗ ಅದನ್ನು ಕಡತದಲ್ಲಿ ಇಡಲಾಗುವುದು. ಮ್ಯಾನೇಜರು ತಮ್ಮ ಅಕ್ಷರದಲ್ಲೇ ಒಂದು ಕಾಗದ ಬರೆದು, ಸಹಿ ಮಾಡಿ, ದೊಡ್ಡವ್ವನಿಗೆ ಕೊಟ್ಟು ಹೋದರು.

ಬಸ್‌ಸ್ಟ್ಯಾಂಡಿಗೆ ಮೂವರೂ ನಡೆದೆವು. ದೊಡ್ಡವ್ವ ಏನಾದರೂ ಒಳ್ಳೆಯ ಮಾತು ಆಡಿಯಾಳು ಎಂದು ನಾನು ಕಾದಿದ್ದೆ, ಸುಳ್ಳು ಯಾಕೆ ಹೇಳಲಿ. ಮೂಡಲಗಿಯ ಬಸ್ಸು ನಿಂತಲ್ಲಿ ಬಂದು ಅವಳು ಬಾಯಿ ತೆರೆದಳು. ಈ ಸಲ ಅಕ್ಕೋರ ಎನ್ನಲಿಲ್ಲ.

“ಮೂರ ದಿನಾ ನಾ ಒಂದ ತುತ್ತ ಉಂಡಿಲ್ಲವ. ಇದನ್ನ ಮೊದಲನೇ ದಿನಾನ ಹೇಳಾಕ ನಿನಗೇನ ಆಗಿತ್ತು?”

ಕಾಕಾ ಏನೋ ಸಮಾಧಾನ ಹೇಳಲು ಹೋದರು. “ನೀವ ಸುಮ್ಮಕಿರ್ರಿ,” ಎಂದು ಅವರನ್ನೂ ತಡೆದಳು. “ನಾವು ಬ್ಯಾಡ ಅಂದ್ವಿ ಖರೆ. ಅಂದ್ರ ಇಕಿ ಕೇಳಬೇಕನು?”

 ಅವಳು ಕವರಿನಿಂದ ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು, ಓದು ಎಂದಳು. ಓದಿದೆ. ‘ನೋಟಿಸನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ’ ಎಂದು ಇತ್ತು. ಅಧಿಕಾರಿ ಹೇಳಿದ್ದು ಹಿಂದೆ ಪಡೆಯಲು. ಇದು ಹಿಂದೆ ಪಡೆದದ್ದಲ್ಲ. ಸಹಾಯಧನ ಬಂದ ಮೇಲೆ, ಯಾವತ್ತಾದರೂ ಮತ್ತೆ ಹೊರತೆಗೆಯಬಹುದು. ಮತ್ತೆ ಆ ಕೋಣೆಗೆ ಹೋಗಿ, ಮತ್ತೆ ಅವರ ಮುಂದೆ ನಿಂತು ಬಾಯಿ ತೆರೆಯುವುದು ನನಗೆ ಬೇಡವಾಗಿತ್ತು. ಎಲ್ಲ ಮುಗಿಯಿತು, ಹೋಗು ದೊಡ್ಡವ್ವ ಎಂದುಬಿಟ್ಟರೆ ಅವಳು ಬಸ್ಸು ಹತ್ತುತ್ತಿದ್ದಳು. ಡ್ರೈವರ ಹಾರ್ನು ಹೊಡೆಯುತ್ತಿದ್ದ.

“ತಗದಿಲ್ರಿ ದೊಡ್ಡವ್ವ. ಬರೇ ತಡದಾರ. ತಿರುಗಿ ಹೋಗೂಣ ನಡೀರಿ.”

ಕಚೇರಿ ಮುಚ್ಚುವ ಹೊತ್ತಿಗೆ ಮುಟ್ಟಿದೆವು. ಅಧಿಕಾರಿ ಕಾಗದ ನೋಡಿ ಮ್ಯಾನೇಜರಿಗೆ ಫೋನು ಹಚ್ಚಿದರು. ಅವರು ಇನ್ನೂ ಗೋಕಾಕದ ಪೆಟ್ರೋಲ್ ಬಂಕಿನಲ್ಲೇ ಇದ್ದರು. ಬಂದರು. ಒಂದು ಸಾಲು ಹೊಡೆದುಹಾಕಿ ‘ಹಿಂಪಡೆಯಲಾಗಿದೆ’ ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದರು. ನನ್ನ ಮುಖ ನೋಡಲಿಲ್ಲ. ನನ್ನ ಗುತ್ತಿಗೆಯ ಕಾಗದ ಬರಲು ಇನ್ನೂ ಎರಡು ತಿಂಗಳಿದೆ. ಅವರ ಅಭಿಪ್ರಾಯವನ್ನೂ ಅದಕ್ಕೆ ಕೇಳುತ್ತಾರೆ.

ಹೊರಗೆ ಬಂದು ದೊಡ್ಡವ್ವ ಮತ್ತೆ ಓದಿಸಿದಳು. ನಾನು ಬೆರಳಿಟ್ಟು ಓದಿ ಹೇಳಿದೆ. ಅವಳು ತಲೆಯಾಡಿಸಿದಳು, ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಕಾಕಾನ ಮುಂದೆ ಹಿಡಿದಳು. ಕಾಕಾ ಅಕ್ಷರ ಕೂಡಿಸಿ ಓದಬಲ್ಲವರು ಅಷ್ಟೇ. ಚಸ್ಮಾ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತ ಬಹಳ ಹೊತ್ತು ತೆಗೆದುಕೊಂಡರು. ನಾನು ಪಕ್ಕದಲ್ಲಿ ನಿಂತಿದ್ದೆ. ಆಕಿ ಹೇಳಿದ್ದು ಬರೋಬ್ಬರಿ ಐತಿ ಎಂದು ಅವರು ಹೇಳಿದ ಮೇಲೆಯೇ ದೊಡ್ಡವ್ವ ಕಾಗದವನ್ನು ಕವರಿಗೆ ಹಾಕಿದಳು.