ಹೊತ್ತು ಮುಳುಗದ ಉಪವಾಸ

ಅರವತ್ತರ ದಶಕದ ಆರಂಭದ ಒಂದು ರಂಜಾನ್ ತಿಂಗಳು, ಬಿಳಿಜೋಳ ಕೊಯ್ಲಿಗೆ ಬಂದಿದ್ದ ಹೊತ್ತು. ಸಂಜೆ, ದೀಪ ಹಚ್ಚುವ ಮೊದಲು, ನಾನು ಸಿಂದಗಿಯಲ್ಲಿ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕದ ಕಂಬಕ್ಕೆ ಆತು ನಿಂತಿದ್ದೆ. ಕೈಯಲ್ಲಿ ಶೇಂಗಾ ಉಂಡಿ ಇತ್ತು. ಅಂದು ಸೋಮವಾರ, ನನಗೆ ಉಪವಾಸ. ನಮ್ಮ ಕಡೆಯ ಗಂಡಸರ ಉಪವಾಸವನ್ನು ನೀವು ಬಲ್ಲಿರಿ: ಸಾಬುದಾಣಿ, ಬಾಳೆಹಣ್ಣು, ಕೆನೆಹಾಲು, ಉಂಡಿ; ರೊಟ್ಟಿಯೊಂದನ್ನು ಬಿಟ್ಟರೆ ಉಳಿದುದೆಲ್ಲ ದೇವರಿಗೆ ಒಪ್ಪಿಗೆ. ವ್ರತದ ದಿನವೇ ನಾನು ಧೋತರದ ಗಂಟು ಸಡಿಲಿಸಬೇಕಾಗುತ್ತಿತ್ತು.

ದೊಡ್ಡಪ್ಪನ ಮಗಳು ಗೌರವ್ವನದು ಬೇರೆ ಬಗೆ. ಇನ್ನೂ ಮದುವೆಯಾಗದ ಹುಡುಗಿ. ತುಂಬಿದ ಮನೆಗೆಲ್ಲ ರೊಟ್ಟಿ ಬಡಿದು, ಗಂಡಸರು, ಮಕ್ಕಳು, ಆಳುಗಳು ಉಂಡೆದ್ದ ಮೇಲೆ ಒಲೆಯ ಮುಂದೆ ಒಬ್ಬಳೇ ಕೂತು ಉಳಿದುದನ್ನು ಉಣ್ಣುತ್ತಿದ್ದಳು. ಅವಳು ಉಂಡಳೋ ಬಿಟ್ಟಳೋ ಯಾರೂ ಕೇಳಿದ್ದಿಲ್ಲ. ಮೊದಲೇ ಹಸಿವೆ ಎಂದರೆ ದೊಡ್ಡವ್ವ, "ಗಂಡನ ಮನ್ಯಾಗ ನಮ್ಮ ಮಾನ ಕಳೀತಿ ನೋಡು" ಎಂದು ಚುಚ್ಚುತ್ತಿದ್ದಳು. ಶ್ರಾವಣ ಸೋಮವಾರ ಹಿಡಿದವಳು ಶ್ರಾವಣ ಮುಗಿದರೂ ಬಿಡಲಿಲ್ಲ. ಮೊದಲು ಒಪ್ಪತ್ತು, ಆಮೇಲೆ ಬರೀ ಹಾಲು, ಕೊನೆಗೆ ಆ ಹಾಲಿಗೂ ನೀರು. ಬಳೆಗಳು ಮೊಣಕೈಗೆ ಸರಿದವು, ಕೂದಲು ಉದುರಿತು. ಡಾಕ್ಟರರನ್ನು ಕರೆಯಬೇಕಾದಲ್ಲಿ ಓಣಿಯ ಹೆಂಗಸರು ಅರಿಸಿನ ಕುಂಕುಮ ಹಿಡಿದು ಬಂದರು. ಕೂಸುಗಳನ್ನು ಅವಳ ಪಾದದ ಮೇಲೆ ಹಾಕಿ, "ಶರಣಿ ಅದಾಳ್ರೀ, ಅನ್ನದ ಆಸೇನ ಹೋಗೈತಿ" ಎಂದರು. ದೊಡ್ಡವ್ವ ಮಗಳ ಮುಂದೆ ಸೆರಗು ಹೊದೆಯತೊಡಗಿದಳು.

ಆ ಸಂಜೆ ಪಕ್ಕದ ಮನೆಯ ಖತೀಜಾಬಿ ಒಂದು ತಂಬಿಗೆ ನೀರು, ಎರಡು ಖರ್ಜೂರ ಹಿಡಿದು ಒಳಗೆ ಬಂದಳು. ಪಡಸಾಲೆಯಲ್ಲಿ ಗೌರವ್ವನ ಸುತ್ತ ಕೂತಿದ್ದ ಓಣಿಯ ಹೆಂಗಸರನ್ನು ನೋಡಿ, "ಇಷ್ಟ ಮಂದಿ ಕೈಮುಗದು ಕುಂತೀರಿ, ಹಸದಾಕಿ ಮಾತ್ರ ನಾ ಒಬ್ಬಾಕಿ" ಎಂದಳು. ಹೆಂಗಸರು ನಕ್ಕರು. ಗೌರವ್ವ ನಗಲಿಲ್ಲ. ಖತೀಜಾಬಿ ಅವಳ ಪಕ್ಕಕ್ಕೆ ಕೂತಳು.

"ತಂಗಿ, ನಮ್ಮ ರೋಜಾ ಉಪವಾಸಕ್ಕ ಹೊತ್ತು ಮುಳುಗೋದೈತಿ. ನಿಂದು ಯಾವಾಗ ಮುಳುಗತೈತಿ?"

ಗೌರವ್ವ, "ಉಂಡ್ರ ಇವರೆಲ್ಲ ಎದ್ದು ಹೋಗ್ತಾರ, ಚಿಗವ್ವಾ" ಎಂದಳು.

"ಹೋಗ್ಲಿ ಬಿಡು. ನಾ ಕುಂತಿರ್ತೇನಿ."

ಮಸೀದಿಯ ಬಾಂಗ್ ಕೇಳಿಸಿತು. ಖತೀಜಾಬಿ ಒಂದು ಖರ್ಜೂರ ತನ್ನ ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಅವಳ ಅಂಗೈಯಲ್ಲಿಟ್ಟಳು. ಗೌರವ್ವ ಅದನ್ನು ನೋಡುತ್ತಲೇ ಇದ್ದಳು. ನಾನು ಉಂಡಿ ಅಗಿಯುವುದನ್ನು ಮರೆತಿದ್ದೆ. ಅವಳು ಅದನ್ನು ಬಾಯಿಗಿಟ್ಟುಕೊಂಡಳು.

"ವ್ರತ ಕೆಟ್ಟತಲ್ಲ" ಎಂದು ಒಬ್ಬಳು ಕೂಸನ್ನೆತ್ತಿಕೊಂಡು ಎದ್ದಳು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಕೊನೆಯವಳು ಹೊಸ್ತಿಲು ದಾಟುವವರೆಗೂ ಗೌರವ್ವ ಬಾಗಿಲನ್ನೇ ನೋಡಿದಳು. ಆಮೇಲೆ ನೀರಿನ ತಂಬಿಗೆಗೆ ಕೈ ಚಾಚಿದಳು.

ಒಂದು ಖರ್ಜೂರದಿಂದ ರೋಗ ಹೋಯಿತೆಂದರೆ ಸುಳ್ಳಾದೀತು. ಖತೀಜಾಬಿ ಎಷ್ಟೋ ಕಾಲ ದಿನವೂ ಬಂದು ಅವಳೆದುರು ಕೂತು ಉಂಡಳು. ಓಣಿಯವರು ಮತ್ತೆ ಬರಲಿಲ್ಲ.

ಅದನ್ನು ಕಂಡವರಲ್ಲಿ ದೊಡ್ಡವ್ವ ಈಗಿಲ್ಲ, ಖತೀಜಾಬಿಯೂ ಇಲ್ಲ. ನನ್ನ ಹೊರತು ಉಳಿದವಳು ಗೌರವ್ವನೇ. ಝಳಕಿಯಲ್ಲಿದ್ದಾಳೆ. ನಾನು ಹೋದಾಗ ಬಡಿಸುತ್ತಾಳೆ. ನೀನೂ ಕೂಡು ಎಂದರೆ "ಆಮ್ಯಾಲ ಉಣ್ತೇನಿ, ಅಣ್ಣಾ" ಎನ್ನುತ್ತಾಳೆ. ನಾನು ತಾಟಿಗೆ ಕೈ ಹಚ್ಚದೆ ಕೂತಿರುತ್ತೇನೆ. ರೊಟ್ಟಿ ಆರುತ್ತದೆ. ಆಗ ಅವಳು ತನ್ನ ತಾಟು ತಂದು ಎದುರಿಗೆ ಕೂಡುತ್ತಾಳೆ.