ಚಿನಕುರಳಿಯ ಊಟ, ಕೆ.ಆರ್. ಪೇಟೆಯ ಮ್ಯಾಚು

ಆ ಚೆಂಡು ಖಾಲಿ ಗೋಲಿನ ಮುಂದೆ ಉರುಳಿಕೊಂಡು ಹೋದದ್ದು ನನಗೆ ಇವತ್ತಿಗೂ ಕಾಣುತ್ತದೆ. ಎಡಗಡೆಯಿಂದ ನಮ್ಮ ಕ್ಯಾಪ್ಟನ್ ಒದ್ದ ಚೆಂಡು. ಎದುರಾಳಿಗಳ ಗೋಲ್‌ಕೀಪರ್ ಆಗಲೇ ನೆಲದ ಮೇಲಿದ್ದ. ಯಾರಾದರೊಬ್ಬರ ಕಾಲು ತಾಗಿದ್ದರೆ ಲೀಗ್ ಕಪ್ಪು ಶ್ರೀರಂಗಪಟ್ಟಣಕ್ಕೆ ಬರುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ಕನಿಷ್ಠ ನನ್ನ ನೆನಪಿನಲ್ಲಿ ಯಾರೂ ಇರಲಿಲ್ಲ.

ನಾನು ಓದಿದ್ದು ಇತಿಹಾಸ. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಈಗ ಒಂದು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದೇನೆ. ಸಾಕ್ಷಿ ಎಲ್ಲಿ ನಿಂತಿದ್ದ, ಅಲ್ಲಿಂದ ಅವನಿಗೆ ಎಷ್ಟು ಕಾಣುತ್ತಿತ್ತು, ಅವನಿಗೆ ಏನು ಕಾಣಬೇಕಾಗಿತ್ತು ಎಂದು ಕೇಳಲು ಹುಡುಗರಿಗೆ ಕಲಿಸುತ್ತೇನೆ. ನಾನು ಗೋಲಿನ ಹಿಂದೆ, ಬಲಗಡೆಯ ಬೇವಿನ ಮರದ ಹತ್ತಿರ ನಿಂತಿದ್ದೆ. ನಿಂತಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ. ಮ್ಯಾಚಿನ ದಿನ ನನಗೆ ಒಂದು ಕಡೆ ನಿಲ್ಲಲು ಆಗುವುದಿಲ್ಲ.

ನಮ್ಮದು ಅರ್ಧ ವೃತ್ತಿಪರರ ಕ್ಲಬ್ಬು. ಮೈಸೂರಿನಿಂದ ಕರೆಸಿದ ಸ್ಟ್ರೈಕರ್ ಒಬ್ಬನಿಗೆ ಆಟವೇ ಕೆಲಸ. ಉಳಿದವರು ವಾರವೆಲ್ಲ ಬೇರೆ ದುಡಿಮೆ ಮಾಡಿ, ಮ್ಯಾಚಿಗೆ ಇಷ್ಟು ಅಂತ ತೆಗೆದುಕೊಂಡು ಆಡುವವರು. ಗೋಲ್‌ಕೀಪರ್ ಅರಕೆರೆಯ ಭತ್ತದ ರೈತ. ಕ್ಯಾಪ್ಟನ್ ಚಿನಕುರಳಿಯವನು, ಕ್ವಾರಿಯಿಂದ ಜಲ್ಲಿ ಸಾಗಿಸುವ ಲಾರಿಯ ಡ್ರೈವರ್. ಅವನು ಬಂದ ಮೇಲೆ ಕ್ಲಬ್ಬು ಪ್ರತಿ ವರ್ಷ ಎರಡನೆಯದೋ ಮೂರನೆಯದೋ ಆಗಿ ಮುಗಿಸುತ್ತಿತ್ತು. ಆ ಮ್ಯಾಚಿನ ಹಿಂದಿನ ವರ್ಷ ಮಂಡಿ ತಿರುಚಿಕೊಂಡು ಮನೆಯಲ್ಲಿ ಕೂತಿದ್ದ. ಮರುವರ್ಷ ವಾಪಸು ಬಂದವನು, "ಇದೊಂದ್ ವರ್ಸ ಕಣಣ್ಣ. ಒಂದ್ ಕಪ್ಪು ಎತ್ಬುಟ್ಟು ನಿಲ್ಲುಸ್ಬುಡ್ತೀನಿ" ಎಂದು ಎಲ್ಲರಿಗೂ ಹೇಳಿದ್ದ.

ಸೀಸನ್ ಮುಗಿಯುತ್ತಾ ಬಂದಾಗ ನಾವು ಆರಾಮಾಗಿ ಮೇಲಿದ್ದೆವು. ಆಮೇಲೆ ನಮ್ಮ ಬುದ್ಧಿ ಶುರುವಾಯಿತು. ನಾಗಮಂಗಲದವರ ಜೊತೆ, ನಮ್ಮ ಮೈದಾನದಲ್ಲೇ, ಗೆದ್ದಿದ್ದ ಆಟವನ್ನು ಡ್ರಾ ಮಾಡಿಕೊಂಡೆವು. ಪಾಂಡವಪುರದ ಮ್ಯಾಚಿನ ದಿನ ನಾಲೆಗೆ ನೀರು ಬಿಟ್ಟರು. ಗೋಲ್‌ಕೀಪರ್ ಫೋನ್ ಮಾಡಿ, "ಸಾರ್, ನಮ್ ಗದ್ದೆ ಸರದಿ ಬಂದ್ಬುಟ್ಟೈತೆ, ನಾನ್ ಬರಕಾಗಕಿಲ್ಲ" ಎಂದ. ಕೋಚ್ ಏನು ಹೇಳಲು ಸಾಧ್ಯ? ಹಿಂಬದಿಯ ಆಟಗಾರನೊಬ್ಬನಿಗೆ ಗ್ಲೌಸ್ ತೊಡಿಸಿ ನಿಲ್ಲಿಸಿದರು, ಸೋತೆವು. ಕೊನೆಯ ಮ್ಯಾಚಿಗೆ ಹೊರಡುವ ಹೊತ್ತಿಗೆ ನಾಗಮಂಗಲದವರಿಗಿಂತ ಒಂದೇ ಪಾಯಿಂಟ್ ಮುಂದಿದ್ದೆವು. ಕೆ.ಆರ್. ಪೇಟೆಯಲ್ಲಿ ಗೆದ್ದರೆ ಕಪ್ಪು ನಮ್ಮದು. ಡ್ರಾ ಆದರೆ, ಅದೇ ಹೊತ್ತಿಗೆ ತಮ್ಮ ಊರಿನಲ್ಲಿ ಆಡುತ್ತಿದ್ದ ನಾಗಮಂಗಲದವರು ಗೆಲ್ಲದಿರಲಿ ಎಂದು ಕಾಯಬೇಕು.

ಮ್ಯಾಚು ಶನಿವಾರಕ್ಕೆ ಗೊತ್ತಾಗಿತ್ತು. ಕ್ಯಾಪ್ಟನ್ನನ ತಾಯಿ ಮಗನ ಮಂಡಿ ನೆಟ್ಟಗಾದರೆ ಮನೆದೇವರಿಗೆ ಮರಿ ಕಡಿದು ಊಟ ಹಾಕುತ್ತೇನೆಂದು ಹರಕೆ ಹೊತ್ತಿದ್ದರು. ಅದನ್ನು ಭಾನುವಾರ ಇಟ್ಟುಕೊಂಡು, ಆಟಗಾರರನ್ನೂ ನಮ್ಮಂಥ ಅಭಿಮಾನಿಗಳನ್ನೂ ಕರೆದಿದ್ದರು. ಗೆದ್ದ ಮಾರನೆಯ ದಿನ ಊಟ, ಲೆಕ್ಕ ಸರಿಯಾಗೇ ಇತ್ತು. ಅಷ್ಟರಲ್ಲಿ ಕೆ.ಆರ್. ಪೇಟೆಯ ಮೈದಾನದಲ್ಲಿ ಯಾವುದೋ ಸಭೆಗೆ ಶಾಮಿಯಾನ ಹಾಕಿದರೆಂದು ಮ್ಯಾಚನ್ನು ಭಾನುವಾರ ಸಂಜೆಗೆ ತಳ್ಳಿದರು. ಊಟವನ್ನು ತಳ್ಳುವಂತಿರಲಿಲ್ಲ. ನೆಂಟರಿಗೆ ಹೇಳಿಯಾಗಿತ್ತು, ಮರಿ ತಂದು ಕಟ್ಟಿಯಾಗಿತ್ತು. ಸೋಮವಾರ, ಶನಿವಾರ ಆ ಮನೆಯಲ್ಲಿ ಮಾಂಸ ಒಲೆ ಏರುವುದಿಲ್ಲ. ನಮ್ಮ ವ್ಯಾನು ಕೆ.ಆರ್. ಪೇಟೆಗೆ ಹೋಗಬೇಕಾದರೆ ಅವರ ಮನೆಯ ಮುಂದೆಯೇ ಹೋಗಬೇಕು.

"ಮನೆ ಮುಂದಾಸಿ ಓಗೋರು ಎಲೆ ಮುಂದೆ ಕುಂತ್ಕಳ್ದೆ ಓದ್ರೆ ದೇವ್ರು ಮೆಚ್ಚಕಿಲ್ಲ ಕಣ್ರಪ್ಪ. ಇವ್ನಿಗೆ ಕಾಲು ಕೊಟ್ಟಿರದು ಅವ್ನೇಯ" ಎಂದರು ಆ ತಾಯಿ.

ಕೋಚ್ ವ್ಯಾನಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಒಬ್ಬೊಬ್ರಿಗೆ ಒಂದು ಮುದ್ದೆ. ಅದರ ಮೇಲೆ ಯಾರೂ ಮುಟ್ಟಂಗಿಲ್ಲ."

ಹರಕೆಯ ಊಟದಲ್ಲಿ ಎಷ್ಟು ಬಡಿಸಬೇಕೆಂದು ತೀರ್ಮಾನಿಸುವವನು ಉಣ್ಣುವವನಲ್ಲ ಎಂಬುದು ಕೋಚಿಗೂ ಗೊತ್ತಿತ್ತು. ಕ್ಯಾಪ್ಟನ್ನನ ಸೋದರಮಾವ ಮುದ್ದೆಯ ತಟ್ಟೆ ಹಿಡಿದು ಬಂದರು. ಅರಕೆರೆಯ ಗೋಲ್‌ಕೀಪರ್ ಎರಡೂ ಕೈ ಎಲೆಯ ಮೇಲೆ ಅಡ್ಡ ಇಟ್ಟ. ಅವರು ಮುದ್ದೆಯನ್ನು ಆ ಕೈಗಳ ಮೇಲೇ ಇಟ್ಟು ಮುಂದಕ್ಕೆ ಹೋದರು.

"ಮಾವ, ಬ್ಯಾಡ. ಆಡಕ್ಕೋಗ್ಬೇಕು."

"ಆಡಕ್ಕೋಗೋನು ಉಣ್ದೆ ಓದಾನೇನ್ಲಾ? ಲೇ, ಇವ್ನಿಗೆ ಒಸಿ ಬೋಟಿ ಇಕ್ರಲಾ, ನಾಚ್ಕತಾವ್ನೆ."

ನನ್ನ ಪಕ್ಕದಲ್ಲಿ ಪೇಟೆಬೀದಿಯ ಟೈಲರ್ ಕೂತಿದ್ದ, ನನ್ನ ಬಾಲ್ಯದ ಗೆಳೆಯ. "ಮೇಷ್ಟ್ರೇ, ಇವತ್ತು ನಮ್ ಟೀಮು ಬಾಲ್ ಉಳ್ಳುಸ್ಬೇಕಾಗಿಲ್ಲ. ಇವ್ರನ್ನೇ ಉಳ್ಳುಸುದ್ರೆ ಆಯ್ತು" ಎಂದ. ನಾನು ನಗಲಿಲ್ಲ ಎಂದು ನೆನಪು. ಕ್ಯಾಪ್ಟನ್ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಸಾರು ಬಡಿಸುತ್ತಿದ್ದ. ಮನೆಯವರು ಕೊನೆಯ ಪಂಕ್ತಿಯಲ್ಲಿ ಉಣ್ಣುವುದು ಪದ್ಧತಿ. ಅವನು ಕೂರುವ ಮೊದಲೇ ವ್ಯಾನಿನ ಹಾರನ್ ಆಯಿತು. ಇದನ್ನು ನಾನು ಕಣ್ಣಾರೆ ನೋಡಿದ್ದೆ.

ಮ್ಯಾಚಿನ ಮೊದಲರ್ಧದ ಬಗ್ಗೆ ಬರೆಯಲು ಏನೂ ಇಲ್ಲ. ನಮ್ಮವರು ಗದ್ದೆಯ ಕೆಸರಿನಲ್ಲಿ ನಡೆಯುವವರಂತೆ ನಡೆದರು. ಕೆ.ಆರ್. ಪೇಟೆಯವರಿಗೆ ಆ ಮ್ಯಾಚಿನಿಂದ ಬರುವುದೂ ಇರಲಿಲ್ಲ, ಹೋಗುವುದೂ ಇರಲಿಲ್ಲ. ಅವರ ಜನ ಕಟ್ಟೆಯ ಮೇಲೆ ಕೂತು, "ಏನ್ರಪ್ಪ, ಚಿನಕುರಳೀಲಿ ಜೋರಾಗಿತ್ತಂತೆ? ನಮ್ಗೂ ಒಸಿ ಕಟ್ಟುಸ್ಕೊಂಡ್ ಬರಬಾರ್ದಾಗಿತ್ತ?" ಎಂದು ರೇಗಿಸುತ್ತಿದ್ದರು. ಸುದ್ದಿ ನಮ್ಮ ವ್ಯಾನಿಗಿಂತ ಮೊದಲೇ ಊರು ಸೇರಿತ್ತು. ಎರಡನೆಯ ಅರ್ಧದಲ್ಲಿ ಟೈಲರ್ ಫೋನನ್ನು ಕಿವಿಯಿಂದ ಇಳಿಸಿ, "ನಾಗಮಂಗಲದೋರು ಒಂದ್ ಒಡ್ದವ್ರೆ" ಎಂದ. ಇನ್ನು ಡ್ರಾ ಸಾಲದು, ಗೆಲ್ಲಲೇಬೇಕು. ನಾನು ಗೋಲಿನ ಹಿಂದಿನಿಂದ ಕಾರ್ನರಿಗೆ, ಕಾರ್ನರಿನಿಂದ ಬೇವಿನ ಮರಕ್ಕೆ ನಡೆಯುತ್ತಿದ್ದೆ. ಸಿಟ್ಟು ಯಾರ ಮೇಲೆ ಎಂದು ಗೊತ್ತಿರಲಿಲ್ಲ. ನಾಲೆಯ ನೀರಿನ ಮೇಲೆ, ಶಾಮಿಯಾನದ ಮೇಲೆ, ಆ ಸೋದರಮಾವನ ಮೇಲೆ.

ಹಾಗೆ ಕೊನೆಯ ಗಳಿಗೆ ಬಂತು. ಕ್ಯಾಪ್ಟನ್ ಎಡಬದಿಯಲ್ಲಿ ಚೆಂಡು ಹಿಡಿದು ಇಬ್ಬರನ್ನು ದಾಟಿದ. ಗೆರೆಯವರೆಗೆ ಹೋಗಿ ಗೋಲಿನ ಮುಂದಕ್ಕೆ ಒದ್ದ. ಚೆಂಡು ಉರುಳಿತು, ಹೊರಗೆ ಹೋಯಿತು. ರೆಫರಿ ಪೀಪಿ ಊದಿದ. ಸೊನ್ನೆ ಸೊನ್ನೆ. ನಾಗಮಂಗಲದಲ್ಲಿ ಪಟಾಕಿ ಹೊಡೆಯುವ ಸದ್ದು ಟೈಲರನ ಫೋನಿನಲ್ಲೇ ಕೇಳಿಸಿತು.

ಆಮೇಲೆ ಊರಿಗೆಲ್ಲ ಒಂದೇ ಕಥೆ. ಹತ್ತು ಜನ ಹೊಟ್ಟೆ ಬಿರಿಯ ಉಂಡಿದ್ದರು, ಬಡಿಸಿದವನೊಬ್ಬ ಉಪವಾಸವಿದ್ದ, ಓಡಿದವನು ಅವನೊಬ್ಬನೇ. ಖಾಲಿ ಗೋಲಿನ ಮುಂದೆ ಉರುಳಿದ ಆ ಚೆಂಡೇ ಇದಕ್ಕೆ ಪುರಾವೆ. ಹೋಟೆಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇದನ್ನೇ ಹೇಳುತ್ತಿದ್ದರು, ನನ್ನ ನೆನಪೂ ಅದನ್ನೇ ಹೇಳುತ್ತಿತ್ತು. ಟೈಲರ್ ಮಾತ್ರ ಒಪ್ಪಲಿಲ್ಲ. "ಸ್ಟ್ರೈಕರ್ ಅಲ್ಲೇ ಇದ್ದ ಕಣ್ಲಾ. ನಾನ್ ನೋಡ್ದೆ." ಅವನ ಫೋನಿನ ವಿಡಿಯೋ ಹಾಕಿ ನೋಡಿದೆವು. ಕ್ಯಾಪ್ಟನ್ ಗೆರೆ ಮುಟ್ಟುವವರೆಗೂ ಇದೆ. ಅವನು ಒದೆಯುವಾಗ ಟೈಲರ್ ಕೈ ಮೇಲೆತ್ತಿದ್ದಾನೆ. ಆಮೇಲೆ ಬೇವಿನ ಎಲೆ, ಆಕಾಶ, ಯಾರದೋ ಭುಜ.

ಮೊನ್ನೆ ಪಾಂಡವಪುರದಿಂದ ಬೈಕಿನಲ್ಲಿ ಹೋಗುವಾಗ ಚಿನಕುರಳಿಯ ಟೀ ಅಂಗಡಿಯ ಮುಂದೆ ಜಲ್ಲಿ ಲಾರಿ ನಿಂತಿತ್ತು. ಕ್ಯಾಪ್ಟನ್ ಬೆಂಚಿನ ಮೇಲೆ ಒಂದು ಕಾಲು ಚಾಚಿಕೊಂಡು ಕೂತಿದ್ದ. ಈ ವರ್ಷ ಅವನು ಆಡುತ್ತಿಲ್ಲ. ಟೀ ಬರುವವರೆಗೂ ತಡೆದುಕೊಂಡು, ಕೊನೆಗೆ ಕೇಳಿಯೇಬಿಟ್ಟೆ: "ಆವತ್ತು ನೀನು ಉಂಡಿರಲಿಲ್ಲ, ಅಲ್ವಾ?"

"ಯಾರ್ ಹೇಳುದ್ರು ಮೇಷ್ಟ್ರೇ? ಹರ್ಕೆ ನನ್ ಕಾಲಿಂದು. ಮೊದ್ಲು ಎಡೆ ನಂಗೇ ಇಕ್ಬೇಕು. ನೀವು ಬರಕ್ಕೂ ಮುಂಚೆ ನಮ್ಮವ್ವ ಒಲೆ ಮುಂದೆ ಕುಂಡ್ರುಸ್ಕೊಂಡು ಉಣ್ಣುಸ್ಬುಟ್ಟಿದ್ಲು."

"ಮತ್ತೆ ನೀನೊಬ್ಬನೇ ಹೇಗೆ ಓಡಿದೆ?"

"ನಾನೊಬ್ನೇ ಎಲ್ಲೋಡ್ದೆ? ಎಲ್ರೂ ಓಡುದ್ರು. ನೀವು ನನ್ನೇ ನೋಡ್ಕೊಂಡಿದ್ರಿ." ಅವನು ಮಂಡಿಯ ಮೇಲೆ ಕೈ ಇಟ್ಟ. "ಸ್ಟ್ರೈಕರ್ ಬಂದಿದ್ದ. ಒದಿಯೋವಾಗ ಇದು ಇಡ್ಕಂಡ್ತು. ಬಾಲು ಒಸಿ ಮುಂದಕ್ಕೋಯ್ತು. ಅವನು ಬಾಲ್ ಮೇಲೆ ಬೀಳೋ ಅಷ್ಟೊತ್ಗೆ ದಾಟೋಗಿತ್ತು. ಒಂದ್ ಕಪ್ಪು ಬೇಕಾಗಿತ್ತು ನಂಗೆ, ಅಷ್ಟೇಯ."

ನಾನು ಟೀ ಲೋಟ ಕೆಳಗಿಟ್ಟೆ. ಅವನೇ ಮುಂದುವರಿಸಿದ. "ಊರೋರೆಲ್ಲ ಊಟದಿಂದ ಸೋತ್ರು ಅಂತಾರೆ. ಅವ್ವನೂ ಅದನ್ನೇ ಇಡ್ಕೊಂಡವ್ಳೆ, ನನ್ ಕೈಯಾರ ಮಗನ್ ಕಪ್ಪು ಕಳುದ್ಬುಟ್ಟೆ ಅಂತ. ಮಂಡಿ ಅಂದ್ರೆ ನಂಬಕಿಲ್ಲ, ಹರ್ಕೆ ತೀರ್ಸಿದ್ದೀನಲ್ಲ ಅಂತಾಳೆ. ನೀವ್ ಒಂದ್ ಮಾತು ಹೇಳಿ ಮೇಷ್ಟ್ರೇ, ಓದಿದೋರು."

ಅವನ ಹಿಂದೆ ಮನೆಗೆ ಹೋದೆ. ಅವನು ಒಂದೇ ಕಾಲಿನ ಮೇಲೆ ಭಾರ ಹಾಕಿ ಮೆಟ್ಟಿಲು ಹತ್ತಿದ. ತಾಯಿ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು. ನೀರು ಕೊಟ್ಟರು, ಊಟಕ್ಕೆ ಏಳಿ ಎನ್ನಲಿಲ್ಲ. ಆ ಮನೆಯಲ್ಲಿ ಯಾವತ್ತೂ ಹಾಗಾಗಿದ್ದಿಲ್ಲ. ನಾನು ಹೇಳಿದೆ: ಊಟದ್ದೇನೂ ಇಲ್ಲಮ್ಮ, ಎಲ್ಲರೂ ಓಡಿದರು, ಸ್ಟ್ರೈಕರ್ ಗೋಲಿನ ಮುಂದೆಯೇ ಇದ್ದ, ಚೆಂಡು ಒಂದು ಮೊಳ ಮುಂದೆ ಹೋಯಿತು.

ಅವರು ಮೊರ ನಿಲ್ಲಿಸಿ ನನ್ನನ್ನೇ ನೋಡಿದರು. "ನೀವು ಕಣ್ಣಾರೆ ನೋಡುದ್ರಾ?"

ಆಗಲೂ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಖಾಲಿ ಗೋಲು, ಅದರ ಮುಂದೆ ಉರುಳುವ ಚೆಂಡು.

"ನೋಡಿದೆ" ಎಂದೆ.

ಅವರು ಮತ್ತೆ ಕೇರತೊಡಗಿದರು. ಮೊರದಲ್ಲಿದ್ದಷ್ಟನ್ನು ಮುಗಿಸಿ ಎದ್ದು, "ಮುದ್ದೆ ಬಿಸಿ ಐತೆ" ಎಂದರು.