ಹೆಪ್ಪಿನ ಬಟ್ಟಲು

ಈಗಿನ ಹುಡುಗಿಯರು ಏನೇನೋ ಹೊಸ ಮಾತು ಹುಟ್ಟಿಸುತ್ತಾರೆಂದು ಮೂಗು ಮುರಿಯುವವರನ್ನು ಕಂಡರೆ ನನಗೆ ನಗು. ಎರಡನೇ ಮಹಾಯುದ್ಧದ ಆ ವರ್ಷಗಳಲ್ಲಿ ನಾವೇನು ಕಡಿಮೆ ಇದ್ದೆವೆ? ಮೂಡಲಗಿಯಿಂದ ಗೋಕಾಕಿಗೆ ಸೊಸೆಯಾಗಿ ಬಂದ ನಾನೂ ನನ್ನ ಓರಗಿತ್ತಿ ನೆಗೆಣ್ಣಿಯೂ ಸೇರಿ ನಮ್ಮದೇ ಭಾಷೆ ಕಟ್ಟಿಕೊಂಡಿದ್ದೆವು. ಅತ್ತೆ ಬರುವುದು ಕಂಡರೆ ‘ಮೋಟಾರು ಬಂತು.’ ಕೇಳಿದ್ದನ್ನೆಲ್ಲ ಊರಿಗೆ ಸಾರುವವಳು, ನೂಲಿನ ಗಿರಣಿಯಲ್ಲಿ ಪಾಳಿಗೆ ಕೂಗುವ ‘ಭೋಂಗಾ.’ ಹೊರಟೆ ಅಂದಮೇಲೂ ಬಾಗಿಲು ಬಿಡದವರು ‘ಕರದಂಟು.’ ಆ ಅಂಟುಸಿಹಿ ಹಲ್ಲಿಗೆ ಹತ್ತಿದರೆ ಬಿಡಬೇಕಲ್ಲ!

ನಮ್ಮ ಕರದಂಟು ಎಂದರೆ ಬಾಜೂ ಮನೆಯ ಕಾಕೂ. ದಿನಾ ಇಳಿಹೊತ್ತಿಗೆ ಬಟ್ಟಲು ಹಿಡಿದು ಹೆಪ್ಪು ಕೇಳಲು ಬರುತ್ತಿದ್ದಳು. ಒಂದು ಚಮಚ ಮೊಸರು ಹಾಕಿ ಕೊಟ್ಟರೆ “ಬರ್ತೇನವಾ” ಎಂದು ಹೊಸ್ತಿಲಲ್ಲಿ ನಿಲ್ಲುವಳು. ನಿಂತಳೆಂದರೆ ನಿಂತಳು. ಬೇವಿನ ನೆರಳು ಅಂಗಳ ದಾಟುತ್ತಿತ್ತು, ನಾವು ಸುಲಿಯುವ ಶೇಂಗಾ ಬುಟ್ಟಿ ತುಂಬುತ್ತಿತ್ತು, ಅವಳ ಮಾತು ಮಾತ್ರ ಹುಕ್ಕೇರಿಯ ತವರಿನ ಬಾವಿಯಿಂದ ಹೊರಟು ತಿರುಗಿ ಅಲ್ಲಿಗೇ ಬರುತ್ತಿತ್ತು. ನಾನು ಅರೆನಿದ್ದೆಯಲ್ಲಿ ಹೂಂಗುಡುತ್ತಿದ್ದೆ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಆ ದನಿ ಈಗಲೂ ಕೇಳುತ್ತದೆ.

ಒಂದು ದಿನ ಅವಳು ಬಾಗಿಲಲ್ಲಿರುವಾಗಲೇ ನೆಗೆಣ್ಣಿಗೆ, “ಇವತ್ತ ಕರದಂಟು ಭಾಳ ಜಿಗಟ ಐತಿ,” ಎಂದುಬಿಟ್ಟೆ. ಎಲುಬಿಲ್ಲದ ನಾಲಿಗೆ ನನ್ನದು. ಇಬ್ಬರೂ ಕಿಸಕ್ಕನೆ ನಕ್ಕೆವು. ಕಾಕೂ ನಮ್ಮ ಮುಖ ನೋಡಿದಳು.

“ನಾನಽ ಹೌದಿಲ್ಲೋ ಅದು?”

ದನಿಯಲ್ಲಿ ಸಿಟ್ಟಿರಲಿಲ್ಲ. ಸೆರಗು ಸರಿಮಾಡಿಕೊಂಡು ಹೋದಳು.

ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಇಳಿಹೊತ್ತು ಬಿಕೋ ಎನ್ನತೊಡಗಿತು. ನನಗೆ ನನ್ನ ಮೇಲೇ ನಾಚಿಕೆ. ಐದನೆಯ ದಿನ ತಪ್ಪಾಯಿತೆನ್ನಲು ಅವಳ ಮನೆಗೆ ಹೋದೆ.

ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟಳು. ಗಿರಣಿಯ ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಒಳಗೆ ಮಲಗಿದ್ದ. ಸದ್ದಾಗದಿರಲೆಂದು ಅವಳು ಬಳೆಗಳನ್ನು ಮೇಲಕ್ಕೇರಿಸಿ ಅರಿವೆ ಸುತ್ತಿಕೊಂಡಿದ್ದಳು. ಮೂಲೆಯ ನೆಲುವಿನಲ್ಲಿ ಗಡಿಗೆ ತುಂಬ ಮೊಸರು, ಮೇಲೆ ದಪ್ಪ ಕೆನೆ. ದಿನಾ ಮೊಸರು ಮಾಡುವ ಮನೆಗೆ ಎರವಲು ಹೆಪ್ಪು ಯಾಕೆ? ನಿನ್ನೆಯ ಮೊಸರೇ ಇಂದಿನ ಹೆಪ್ಪು. ಇಷ್ಟು ದಿನ ನನಗಿದು ಹೊಳೆದಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಬಾಯಿಬಿಟ್ಟು ಮಾತಾಡಬಹುದಾದ ಒಂದು ಹೊಸ್ತಿಲು. ಅದನ್ನೇ ನಾನು ಕಸಿದಿದ್ದೆ. ತಪ್ಪಾಯಿತೆನ್ನದೆ, ಸದ್ದಾಗದಂತೆ ಹೆಜ್ಜೆಯಿಟ್ಟು ಹಿಂದಿರುಗಿದೆ.

ಮರುದಿನ ಖಾಲಿ ಬಟ್ಟಲು ಹಿಡಿದು ಹೋದೆ. “ಕಾಕೂ, ಹೆಪ್ಪು ಬೇಕಾಗಿತ್ತರಿ.”

ನಮ್ಮ ಹಿತ್ತಲಲ್ಲಿ ಹಾಲು ಕರೆಯುವ ಎರಡು ಎಮ್ಮೆ ಇರುವುದು ಅವಳಿಗೆ ಗೊತ್ತು. ಬಟ್ಟಲು ನೋಡಿದಳು, ನನ್ನನ್ನು ನೋಡಿದಳು. ಬಾಗಿಲು ಮುಂದೆಳೆದುಕೊಂಡು ಹೊರಗೆ ಕಟ್ಟೆಯ ಮೇಲೆ ಬಂದು ಕೂತಳು. ಪಿಸುದನಿಯಲ್ಲೇ ಮಾತು ಹುಕ್ಕೇರಿಯ ಬಾವಿಯಿಂದ ಹೊರಟಿತು. ಈ ಸಲ ನಾನು ಬಾವಿ ಎಷ್ಟು ಆಳವೆಂದು ಕೇಳಿದೆ, ಮೂಡಲಗಿಯ ನನ್ನ ತವರನ್ನೂ ಆ ಮಾತಿಗೆ ಸೇರಿಸಿದೆ. ಹೊತ್ತು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಅತ್ತೆ ದೀಪ ಹಚ್ಚಿದ್ದು ಕಂಡಾಗ ದಡಬಡಿಸಿ ಎದ್ದೆ.

“ಇವತ್ತ ಕರದಂಟು ನೀನಽ ಆದಿ ನೋಡು,” ಎಂದು ಕಾಕೂ ಬಾಯಿಗೆ ಸೆರಗು ಒತ್ತಿ ನಕ್ಕಳು. ನಾನು ಚಾಚಿದ ಬಟ್ಟಲನ್ನು ಹಿಂದಕ್ಕೆ ಸರಿಸಿದಳು.

“ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಡಬಾರದು, ತಂಗಿ. ನಾಳಿ ನಾನಽ ತೊಗೊಂಡು ಬರ್ತೇನಿ.”